ಬಾಯಿ ಸೋತು ಕಾಲು ಗೆದ್ದ ಆಟ

(ಒಂದು ಭಾನುವಾರ ಬೆಳಗ್ಗೆ ಗೆಳೆಯರ ಬಳಗದ ಮುಂದೆ ಆಡಿದ ಮಾತು. ಬರೆಯುವಾಗ ತೊದಲಿದ್ದನ್ನೂ, ಮೈಕ್ ಕೈಕೊಟ್ಟ ಹತ್ತು ನಿಮಿಷವನ್ನೂ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಇವತ್ತು ಮಾತಾಡೋಕೆ ಬಂದಿರೋ ಗೇಮ್ ಹೊಸದೇನಲ್ಲ. 2014ರ ಅಕ್ಟೋಬರ್ 28ಕ್ಕೆ ಮೈಕ್ರೋಸಾಫ್ಟಿನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಬಂತು. ಪಿಸಿಗೆ ಬರೋಕೆ 2018ರ ನವೆಂಬರ್ ಆಯಿತು. ನಾನು ಆಡಿದ್ದು ಪಿಸಿಯಲ್ಲಿ, ಅದೂ ಡಿಸ್ಕೌಂಟ್ ಬಿದ್ದ ಮೇಲೆ. ಹೆಸರು ಸನ್‌ಸೆಟ್ ಓವರ್‌ಡ್ರೈವ್. ಮಾಡಿದವರು ಕ್ಯಾಲಿಫೋರ್ನಿಯಾದ ಇನ್‌ಸಾಮ್ನಿಯಾಕ್ ಗೇಮ್ಸ್. ನಿಮ್ಮಲ್ಲಿ ಎಷ್ಟೋ ಜನ ಇವರ ಸ್ಪೈಡರ್‌ಮ್ಯಾನ್ ಆಡಿರುತ್ತೀರಿ. ಅದಕ್ಕಿಂತ ನಾಲ್ಕು ವರ್ಷ ಮುಂಚೆ ಮಾಡಿದ್ದು ಇದು.

ಕಥೆ ಎರಡು ನಿಮಿಷದ್ದು. ವರ್ಷ 2027, ಊರು ಸನ್‌ಸೆಟ್ ಸಿಟಿ. ಫಿಜ್‌ಕೋ ಅನ್ನೋ ಕಂಪನಿ ಹೊಸ ಎನರ್ಜಿ ಡ್ರಿಂಕ್ ತರುತ್ತದೆ. ಸರಿಯಾಗಿ ಟೆಸ್ಟ್ ಮಾಡದೆ ದೊಡ್ಡ ಪಾರ್ಟಿ ಇಟ್ಟು ಊರಿಗೆಲ್ಲ ಕುಡಿಸುತ್ತದೆ. ಕುಡಿದವರು ಕಿತ್ತಳೆ ಬಣ್ಣದ ಬೊಬ್ಬೆಗಳೆದ್ದು ರಾಕ್ಷಸರಾಗುತ್ತಾರೆ. ಕಂಪನಿ ಇದು ವೈರಸ್ ಅಂತ ಸುಳ್ಳು ಹೇಳಿ ಊರಿನ ಬಾಗಿಲು ಹಾಕಿಸುತ್ತದೆ. ಹೀರೋ ಯಾರು ಗೊತ್ತಾ? ಆ ಪಾರ್ಟಿಯಲ್ಲಿ ಕಸ ಎತ್ತೋ ಕೆಲಸದವನು. ಹೆಣ್ಣಾಗಬಹುದು, ಗಂಡಾಗಬಹುದು, ಯಾವ ಬಟ್ಟೆ ಯಾರಿಗೆ ಬೇಕಾದರೂ ಹಾಕಬಹುದು. ನನ್ನ ಅಕ್ಕನ ಮಗಳು ಅರ್ಧ ಗಂಟೆ ಬರೀ ಬಟ್ಟೆ ಆರಿಸುತ್ತಾ ಕೂತಿದ್ದಳು.

ಆಟ ಬಂದಾಗ ವಿಮರ್ಶಕರು ಹೇಳಿದ್ದನ್ನೆಲ್ಲ ಒಟ್ಟು ಮಾಡಿದರೆ ಅಂಕ ನೂರಕ್ಕೆ 80ರ ಆಸುಪಾಸು. ಫಸ್ಟ್ ಕ್ಲಾಸೇ. ಆದರೆ ಅಂಕ ನೋಡೋದು ಬಿಟ್ಟು ಆ ರಿವ್ಯೂಗಳನ್ನ ಓದಿದರೆ ಒಂದು ಮಜಾ ಇದೆ. ಹೊಗಳಿದವರಲ್ಲೂ ಬೈದವರಲ್ಲೂ ಎಷ್ಟೋ ಜನ ಒಂದೇ ವಾಕ್ಯ ಬರೆದಿದ್ದಾರೆ: ಓಡಾಡೋಕೆ ಚೆನ್ನಾಗಿದೆ, ಜೋಕುಗಳು ಮಾತ್ರ ಅಷ್ಟಕ್ಕಷ್ಟೆ. ಕೆಲವರಿಗೆ 'ಅಷ್ಟಕ್ಕಷ್ಟೆ', ಕೆಲವರಿಗೆ 'ತಲೆನೋವು'. ಅವರು ಓಡಾಟವನ್ನ ಒಂದು ಕಾಲಂನಲ್ಲಿ, ಹಾಸ್ಯವನ್ನ ಇನ್ನೊಂದು ಕಾಲಂನಲ್ಲಿ ಬರೆದರು. ನನ್ನ ತಕರಾರು ಅಲ್ಲಿದೆ. ಈ ಆಟದಲ್ಲಿ ನಗು ಬರಿಸೋದೇ ಓಡಾಟ. ಅವರು ನಗುವನ್ನ ಬಾಯಿಯಲ್ಲಿ ಹುಡುಕಿದರು. ಅದು ಇದ್ದದ್ದು ಕಾಲಿನಲ್ಲಿ.

ಇದು ನನಗೆ ಹೊಳೆದದ್ದು ನಮ್ಮಮ್ಮನಿಂದ. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ನಾನು ಆಡುವಾಗ ಹಿಂದೆ ಸೋಫಾದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಹೀರೋ ಕರೆಂಟ್ ತಂತಿ ಮೇಲೆ ಜಾರಿಕೊಂಡು ಹೋಗುತ್ತಿದ್ದ. 'ಅಲ್ವೋ, ಅವ್ನಿಗೆ ಶಾಕ್ ಹೊಡೆಯಲ್ವೇನೋ?' ಅಂದರು. 'ಇಲ್ಲಮ್ಮ, ಗೇಮು' ಅಂದೆ. 'ಗೇಮಾದ್ರೇನು, ತಂತಿ ತಂತಿನೇ ಅಲ್ವಾ' ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ ನಾನು ಕೆಳಗೆ ಬಿದ್ದು ಸತ್ತೆ. ಎಲ್ಲಿಂದಲೋ ಒಂದು ವ್ಯಾನ್ ಬಂತು, ಬಾಗಿಲು ತೆಗೆದು ನನ್ನ ಹೀರೋನ ರಸ್ತೆಗೆ ಎಸೆದು ಹೋಯಿತು. ಅವನು ಮೈ ಕೊಡವಿಕೊಂಡು ಎದ್ದ. ಅಮ್ಮ ನಕ್ಕ ನಗುವಿಗೆ ಮೊರದಲ್ಲಿದ್ದ ಹುರುಳಿಕಾಯಿ ಅಷ್ಟೂ ನೆಲಕ್ಕೆ. ಆಮೇಲೆ 'ಇನ್ನೊಂದ್ ಸಲ ಸಾಯಿ ನೋಡೋಣ' ಅಂದರು.

ಸತ್ತೆ. ಈ ಸಲ ಹಾರುವ ತಟ್ಟೆ ಬಂದು ಇಳಿಸಿತು. ಮತ್ತೆ ಸತ್ತೆ. ಶವಪೆಟ್ಟಿಗೆಯಿಂದ ಎದ್ದು ಬಂದ. ಇನ್ನೊಂದು ಸಲ ಟೆಲಿಫೋನ್ ಬೂತ್ ಒಂದು ಆಕಾಶದಿಂದ ಇಳಿಯಿತು. ಆ ಬೂತ್ ಒಂದು ಹಳೇ ಹಾಲಿವುಡ್ ಸಿನಿಮಾದ ತಮಾಷೆ ಅಂತ ಅಮ್ಮನಿಗೆ ಗೊತ್ತಿಲ್ಲ. ಗೊತ್ತಾಗೋ ಅಗತ್ಯವೂ ಬೀಳಲಿಲ್ಲ. ಸತ್ತವನು ಬೂತ್‌ನಲ್ಲಿ ಬಂದ, ಅಷ್ಟು ಸಾಕಾಯಿತು.

ಅದೇ ಸಂಜೆ ಹೀರೋ ಬಾಯಿಬಿಟ್ಟು ಒಂದು ಇಪ್ಪತ್ತು ಜೋಕ್ ಹೇಳಿರಬಹುದು. ಅಮ್ಮನಿಗೆ ಒಂದೂ ಅರ್ಥ ಆಗಲಿಲ್ಲ. ಅರ್ಥವಾದ ನಾನು ಒಂದೆರಡಕ್ಕೆ ನಕ್ಕೆ. ಈಗ ಹೇಳಿ, ಯಾರು ಜಾಸ್ತಿ ನಕ್ಕಿದ್ದು?

ಓಡಾಟ ಅಂತ ಇಷ್ಟು ಹೊತ್ತು ಹೇಳುತ್ತಿದ್ದೇನೆ, ಅದು ಹೇಗಿದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಬೇರೆ ಓಪನ್ ವರ್ಲ್ಡ್ ಗೇಮ್‌ಗಳಲ್ಲಿ, ಅಂದರೆ ಇಡೀ ಊರಲ್ಲಿ ಬೇಕಾದ ಕಡೆ ತಿರುಗಾಡೋ ಗೇಮ್‌ಗಳಲ್ಲಿ, ಕಾರು ಕದ್ದು ಓಡಿಸುತ್ತೀರಿ. ಇಲ್ಲಿ ಕಾರು ಓಡಿಸೋಕೇ ಆಗಲ್ಲ. ಕಾರಿನ ಮೇಲೆ ಜಿಗಿದರೆ ಅದು ಸ್ಪ್ರಿಂಗ್ ಹಾಸಿಗೆ ಥರ ನಿಮ್ಮನ್ನ ಮೇಲಕ್ಕೆ ಎಸೆಯುತ್ತದೆ. ಪೊದೆ, ಛತ್ರಿ, ಅಂಗಡಿ ಮುಂದಿನ ಬಟ್ಟೆ ಚಪ್ಪರ, ಎಲ್ಲವೂ ಹಾಗೇ. ತಂತಿ, ಕಂಬಿ, ಮಹಡಿಯ ಅಂಚು, ರೈಲು ಹಳಿ, ಇವೆಲ್ಲ ಜಾರೋದಕ್ಕೆ. ಇದಕ್ಕೆ ಗ್ರೈಂಡ್ ಅಂತ ಹೆಸರು. ನಮ್ಮ ಕಡೆ ಗ್ರೈಂಡ್ ಅಂದರೆ ದೋಸೆ ಹಿಟ್ಟು ನೆನಪಾಗುತ್ತದೆ. ಇದು ಸ್ಕೇಟ್‌ಬೋರ್ಡ್ ಹುಡುಗರ ಮಾತು, ಕಂಬಿ ಮೇಲೆ ಉಜ್ಜಿಕೊಂಡು ಹೋಗೋದು.

ನೆಲದ ಮೇಲೆ ನಡೆದರೆ? ಹೀರೋ ನಿಧಾನ. ಶೂಟಿಂಗ್ ಗೇಮ್ ಅಭ್ಯಾಸ ಇದ್ದವರು ಮೊದಲ ದಿನ ಗೋಡೆ ಹಿಂದೆ ಬಚ್ಚಿಟ್ಟುಕೊಳ್ಳೋಕೆ ನೋಡುತ್ತಾರೆ. ಇಲ್ಲಿ ಬಚ್ಚಿಟ್ಟುಕೊಳ್ಳೋ ವ್ಯವಸ್ಥೆಯೇ ಇಲ್ಲ. ನಿಂತರೆ ಮುಗೀತು, ನಾಲ್ಕೂ ಕಡೆಯಿಂದ ಮುತ್ತಿಕೊಳ್ಳುತ್ತಾರೆ. ಜಾರುತ್ತಾ, ಜಿಗಿಯುತ್ತಾ ಗುಂಡು ಹಾರಿಸಿದರೆ ಸ್ಟೈಲ್ ಮೀಟರ್ ಏರುತ್ತದೆ. ಅದು ಏರಿದಷ್ಟೂ ಹೀರೋಗೆ ಹೊಸ ಶಕ್ತಿ. ಅಂದರೆ ಆಟ ನಿಮಗೆ ಸಂಬಳ ಕೊಡೋದೇ ಕೋತಿಚೇಷ್ಟೆಗೆ. ಗಂಭೀರವಾಗಿ ನಿಂತು ಗುರಿಯಿಟ್ಟವನಿಗೆ ಸಾವು. ಇದು ಹಾಸ್ಯ ಅಲ್ಲದೆ ಇನ್ನೇನು? ಇಷ್ಟಾಗಿ ಹೀರೋ ಇನ್ನೂ ಒಂದು ಮಾತೂ ಆಡಿಲ್ಲ.

ಈಗ ಅವನ ಮಾತಿಗೆ ಬರೋಣ. ವಿಮರ್ಶಕರು ಇಲ್ಲಿ ಬೈದಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಈ ಹೀರೋಗೆ ತಾನು ಗೇಮ್ ಒಳಗಿದ್ದೇನೆ ಅಂತ ಗೊತ್ತು. ಪದೇ ಪದೇ ನಮ್ಮ ಕಡೆ ತಿರುಗಿ ಅದನ್ನ ಹೇಳುತ್ತಾನೆ ಕೂಡ. ಯಾರೋ ಒಬ್ಬ ಸಿಗುತ್ತಾನೆ, ಅಲ್ಲಿ ಹೋಗಿ ಮೂರು ಸಾಮಾನು ತಾ ಅನ್ನುತ್ತಾನೆ. ಹೀರೋ ಗೊಣಗುತ್ತಾನೆ: ಅಯ್ಯೋ, ಮತ್ತೆ ಸಾಮಾನು ತರೋ ಕೆಲಸವಾ! ನಾವು ನಗಬೇಕು. ಆಮೇಲೆ? ಆಮೇಲೆ ಹೋಗಿ ಆ ಮೂರು ಸಾಮಾನು ತರಬೇಕು. ಹೋಟೆಲಿನಲ್ಲಿ ಸಪ್ಲೈಯರ್ ಬಂದು 'ಸಾರ್, ಇವತ್ತು ಸಾಂಬಾರ್ ನೀರಾಗಿದೆ' ಅಂತ ನಕ್ಕು ಅದೇ ಸಾಂಬಾರ್ ಬಡಿಸಿದ ಹಾಗೆ. ಅವನ ಪ್ರಾಮಾಣಿಕತೆ ಮೆಚ್ಚೋಣ. ಇಡ್ಲಿ ನೆನೆದಿದ್ದು ಮಾತ್ರ ನೀರು ಸಾಂಬಾರಿನಲ್ಲೇ.

ಮೊದಲ ಸಲ ಈ ಗೊಣಗಾಟ ಚೆನ್ನಾಗಿರುತ್ತದೆ, ಸುಳ್ಳು ಹೇಳಲ್ಲ. ಐದನೇ ಸಲಕ್ಕೆ, ಬರೆದವರು ನಮ್ಮ ಬೈಗುಳವನ್ನ ನಮಗಿಂತ ಮುಂಚೆ ತಾವೇ ಬೈದುಕೊಂಡು ತಪ್ಪಿಸಿಕೊಳ್ಳುತ್ತಿದ್ದಾರೆ ಅನ್ನಿಸಿಬಿಡುತ್ತದೆ. ನಮ್ಮ ಗಾದೆ ಇದೆಯಲ್ಲ, ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ. ಇವರು ಬೀಳೋ ಮುಂಚೆಯೇ ಮೀಸೆ ಒರೆಸಿಕೊಂಡು ನಿಂತಿದ್ದಾರೆ.

ಜೊತೆಗೆ ಇನ್ನೊಂದು ಕಷ್ಟ. ಯಕ್ಷಗಾನದ ಹಾಸ್ಯಗಾರ ಅದೇ ಪ್ರಸಂಗ ನೂರು ರಾತ್ರಿ ಆಡಿದರೂ ಎದುರಿಗಿರೋ ಊರು ನೋಡಿ ಮಾತು ಬದಲಿಸುತ್ತಾನೆ. ಜನ ನಗದಿದ್ದರೆ ಇನ್ನೊಂದು ಪಟ್ಟು ಹಾಕುತ್ತಾನೆ. ಗೇಮ್‌ಗೆ ಆ ಭಾಗ್ಯ ಇಲ್ಲ. 2014ರಲ್ಲಿ ರೆಕಾರ್ಡ್ ಮಾಡಿದ ಜೋಕು ಇವತ್ತೂ ಅದೇ ದನಿಯಲ್ಲಿ, ಅದೇ ಜಾಗದಲ್ಲಿ ಬರುತ್ತದೆ. ಅದೂ ಓಪನ್ ವರ್ಲ್ಡ್‌ನಲ್ಲಿ ನೀವು ಒಂದೇ ಬೀದಿಗೆ ಐವತ್ತು ಸಲ ಹೋಗುತ್ತೀರಿ. ಸಿನಿಮಾ ಕಾಮಿಡಿ ಎರಡೂವರೆ ಗಂಟೆಗೆ ಮುಗಿಯುತ್ತದೆ. ಇದು ಹತ್ತಿಪ್ಪತ್ತು ಗಂಟೆ ನಿಮ್ಮ ಕಿವಿಯಲ್ಲೇ ಕೂತಿರುತ್ತದೆ. 2022ರ ಡಿಸೆಂಬರ್‌ನಲ್ಲಿ ಹೈ ಆನ್ ಲೈಫ್ ಅಂತ ಒಂದು ಶೂಟರ್ ಬಂತು, ಅದರಲ್ಲಿ ಬಂದೂಕುಗಳೇ ಮಾತಾಡುತ್ತವೆ. ಅವುಗಳ ಹರಟೆ ಎಷ್ಟಿರಬೇಕು ಅಂತ ಸೆಟ್ಟಿಂಗ್ಸ್‌ನಲ್ಲಿ ಕಡಿಮೆ ಮಾಡಿಕೊಳ್ಳಬಹುದು. ಫ್ಯಾನಿಗೆ ರೆಗ್ಯುಲೇಟರ್ ಇದ್ದ ಹಾಗೆ ಹಾಸ್ಯಕ್ಕೆ ರೆಗ್ಯುಲೇಟರ್! ನಮ್ಮ ಕೆಲವು ನೆಂಟರಿಗೂ ಒಂದು ಇದ್ದಿದ್ದರೆ ಅನ್ನಿಸಿತು.

ಇವರು ಯಾಕೆ ಇಷ್ಟು ಗಟ್ಟಿಯಾಗಿ ತಮಾಷೆ ಮಾಡುತ್ತಾರೆ? ಇದಕ್ಕೆ ನನ್ನದೊಂದು ಊಹೆ ಇದೆ. ಊಹೆ ನನ್ನದು, ಹಿಂದಿನ ಕಥೆ ಮಾತ್ರ ನಿಜ.

2011ರಲ್ಲಿ ಇದೇ ಕಂಪನಿ ಅಮೆರಿಕದ ಇ3 ಅನ್ನೋ ಗೇಮ್ ಮೇಳದಲ್ಲಿ ಓವರ್‌ಸ್ಟ್ರೈಕ್ ಅನ್ನೋ ಗೇಮ್‌ನ ಟ್ರೇಲರ್ ತೋರಿಸಿತು. ನಾಲ್ಕು ಜನ ಏಜೆಂಟ್‌ಗಳು, ವ್ಯಂಗ್ಯಚಿತ್ರದ ಥರ ಬಣ್ಣ, ಕಾಲೆಳೆಯೋ ಮಾತು. ಜನಕ್ಕೆ ಇಷ್ಟ ಆಯಿತು. ಆಮೇಲೆ ಒಳಗೆ ಏನೇನೋ ನಡೆದು, ಬಣ್ಣ ಹೋಯಿತು, ತಮಾಷೆ ಹೋಯಿತು, ಹೆಸರೂ ಹೋಯಿತು. 2013ರ ಮೇ ತಿಂಗಳ ಕೊನೆಗೆ ಅದು ಫ್ಯೂಸ್ ಅನ್ನೋ ಹೆಸರಲ್ಲಿ ಹೊರಗೆ ಬಂತು. ಬೂದು ಬಣ್ಣದ, ಗಂಟು ಮುಖದ ಶೂಟರ್. ಸಪ್ಪೆ ಅಂದರು ಎಲ್ಲ. ಅದಾಗಿ ಎರಡು ವಾರಕ್ಕೆ, ಅದೇ ವರ್ಷದ ಇ3ಯಲ್ಲಿ, ಮೈಕ್ರೋಸಾಫ್ಟ್ ವೇದಿಕೆ ಮೇಲೆ ಸನ್‌ಸೆಟ್ ಓವರ್‌ಡ್ರೈವ್ ಘೋಷಣೆ. ಕಿತ್ತಳೆ, ಗುಲಾಬಿ, ಹಳದಿ, ಪಂಕ್ ಸಂಗೀತ, ಕಿರುಚಾಟ.

ಒಂದು ಸಲ ನಗೋದನ್ನ ಬಿಟ್ಟು ಕೈ ಸುಟ್ಟುಕೊಂಡವರು ಮುಂದಿನ ಸಲ ಹೇಗೆ ಬರುತ್ತಾರೆ? ಮದುವೆ ಮನೆಯಲ್ಲಿ ಉಪ್ಪು ಕಡಿಮೆ ಅಂತ ಬೈಸಿಕೊಂಡ ಅಡುಗೆಭಟ್ಟರು ಮರುದಿನದ ಬೀಗರ ಊಟಕ್ಕೆ ಹಾಕೋ ಉಪ್ಪಿನ ಥರ. ಸ್ವಲ್ಪ ಜಾಸ್ತಿಯೇ ಬೀಳುತ್ತದೆ. ಸನ್‌ಸೆಟ್ ಓವರ್‌ಡ್ರೈವ್‌ನ ಬಾಯಿಬಡುಕತನವನ್ನ ನಾನು ಹಾಗೆ ಓದುತ್ತೇನೆ. 'ನಾವು ಮಜಾ ಮಾಡ್ತಿದ್ದೀವಿ, ನೋಡಿದ್ರಾ, ನೋಡಿದ್ರಾ' ಅಂತ ಭುಜ ತಟ್ಟಿ ತಟ್ಟಿ ಹೇಳುತ್ತದೆ.

ಆದರೆ ಅದೇ ಜನ ಬಾಯಿ ಮುಚ್ಚಿಕೊಂಡು ಕೈಯಿಂದ ಮಾಡಿದ ಕೆಲಸ ನೋಡಿ. ಬಂದೂಕುಗಳು! ರಾಚೆಟ್ ಅಂಡ್ ಕ್ಲ್ಯಾಂಕ್ ಅನ್ನೋ ಗೇಮ್ ಮಾಡಿದ ಕಂಪನಿ ಇದು, ವಿಚಿತ್ರ ಆಯುಧ ಮಾಡೋದರಲ್ಲಿ ಪಳಗಿದ ಕೈ. ಟಿಎನ್‌ಟೆಡ್ಡಿ ಅಂತ ಒಂದಿದೆ, ಡೈನಮೈಟ್ ಕಟ್ಟಿದ ಕರಡಿ ಬೊಂಬೆ ಹಾರಿಸುತ್ತದೆ. ಹೈ ಫಿಡಿಲಿಟಿ ಅನ್ನೋದು ಹಳೇ ಗ್ರಾಮಫೋನ್ ತಟ್ಟೆಗಳನ್ನ ಎಸೆಯುತ್ತದೆ, ಅವು ಗೋಡೆಗೆ ತಾಗಿ ಪುಟಿದು ಇನ್ನೊಬ್ಬನಿಗೆ ಬಡಿಯುತ್ತವೆ. ಬೌಲಿಂಗ್ ಚೆಂಡು ಹಾರಿಸೋದು ಇನ್ನೊಂದು. ರೋಮನ್ ಕ್ಯಾಂಡಲ್ ಅಂತೂ ಪಟಾಕಿಯೇ. ದೀಪಾವಳಿಯ ಮರುದಿನ ನಮ್ಮ ಬೀದಿ ಹೇಗಿರುತ್ತದೋ ಹಾಗೆ ಆಗುತ್ತದೆ ಸನ್‌ಸೆಟ್ ಸಿಟಿ.

ಇವುಗಳಲ್ಲಿ ಒಂದರ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ಕ್ಯಾಪ್ಟನ್ ಏಹಬ್ ಅನ್ನೋ ಈಟಿಗನ್. ಈಟಿ ಹೋಗಿ ನೆಲಕ್ಕೆ ನಾಟಿಕೊಳ್ಳುತ್ತದೆ. ಅಲ್ಲಿ ಆ ಎನರ್ಜಿ ಡ್ರಿಂಕ್ ಚೆಲ್ಲುತ್ತದೆ. ನಿಮ್ಮನ್ನ ತಿನ್ನೋಕೆ ಬರುತ್ತಿದ್ದ ಗುಂಪು ನಿಮ್ಮನ್ನ ಮರೆತು ಆ ಡ್ರಿಂಕಿನ ಕಡೆ ಓಡುತ್ತದೆ. ನೂಕಾಡಿ, ಒಬ್ಬರ ಮೇಲೊಬ್ಬರು ಬಿದ್ದು ಕುಡಿಯೋಕೆ ನೋಡುತ್ತಾರೆ. ನೀವು ಮೇಲೆ ತಂತಿಯಲ್ಲಿ ಜಾರುತ್ತಾ ನೋಡುತ್ತಿರುತ್ತೀರಿ. ಆಮೇಲೆ ಢಂ.

ಫಿಜ್‌ಕೋ ಕಂಪನಿ ಎಷ್ಟು ಕೆಟ್ಟದ್ದು ಅಂತ ಆಟದ ತುಂಬಾ ಪಾತ್ರಗಳು ಭಾಷಣ ಮಾಡುತ್ತವೆ. ವಿಡಂಬನೆ ತೆಳು, ದೊಡ್ಡ ಕಂಪನಿ ಕೆಟ್ಟದು ಅನ್ನೋದರ ಆಚೆ ಹೋಗಲ್ಲ ಅಂತ ಬಂದ ಟೀಕೆ ಸರಿಯೇ. ಆದರೆ ತನ್ನನ್ನ ಕೊಂದ ಡ್ರಿಂಕಿಗೇ ಸತ್ತ ಮೇಲೂ ಕ್ಯೂ ನಿಲ್ಲೋ ಜನ! ಅದನ್ನ ಯಾವ ಪಾತ್ರವೂ ಬಾಯಿಬಿಟ್ಟು ಹೇಳಲ್ಲ, ಒಂದು ಆಯುಧ ಮಾಡಿ ತೋರಿಸುತ್ತದೆ. ಈ ಆಟದ ಅತಿ ಚುರುಕು ಜೋಕ್ ನನ್ನ ಲೆಕ್ಕದಲ್ಲಿ ಇದು. ಹಾಸ್ಯದ ಬಗ್ಗೆ ಎರಡು ಪ್ಯಾರಾ ಬರೆದವರೂ ಈ ಈಟಿಯನ್ನ 'ಆಯುಧಗಳು' ಅನ್ನೋ ಕಾಲಂಗೆ ಹಾಕಿ ಮುಂದೆ ಹೋದರು.

ಕಾಲು ಎಲ್ಲ ಕಡೆಯೂ ಗೆದ್ದಿಲ್ಲ. ಅದನ್ನೂ ಹೇಳಬೇಕು. ಶುರುವಿನ ಒಂದೆರಡು ಗಂಟೆ ಬೇಸರ ಬರಿಸುತ್ತದೆ. ಗಾಳಿಯಲ್ಲೇ ಮುನ್ನುಗ್ಗೋ ವಿದ್ಯೆಯನ್ನ ಆಟ ತಕ್ಷಣ ಕೊಡಲ್ಲ, ಕಂತಿನಲ್ಲಿ ಕೊಡುತ್ತದೆ. ಎಷ್ಟೋ ಜನ ಅಲ್ಲಿಗೇ ಕೈಬಿಟ್ಟಿರಬಹುದು. ಇನ್ನು ರಾತ್ರಿ ಕಾವಲು ಮಿಷನ್‌ಗಳು. ಬಲೆ, ಬಾಂಬು ಇಟ್ಟು ಪೀಪಾಯಿ ಕಾಯಬೇಕು. ಊರೆಲ್ಲ ಹಾರಾಡಿಸಿ ಆಮೇಲೆ ಒಂದು ಅಂಗಳದಲ್ಲಿ ಕಟ್ಟಿಹಾಕಿದ ಹಾಗೆ. ಇದು ಇಷ್ಟ ಅನ್ನೋರೂ ಇದ್ದಾರೆ, ನನಗೆ ಸೇರಲಿಲ್ಲ. ಕಾಲು ಕಟ್ಟಿದ ಕೂಡಲೇ ಉಳಿಯೋದು ಬಾಯಿ ಒಂದೇ, ಕಷ್ಟ ಅದು.

ಪಾತ್ರಗಳ ವಿಷಯದಲ್ಲಿ ಒಂದೇ ಮಾತು. ಊರಲ್ಲಿ ಸಿಕ್ಕಿಬಿದ್ದ ಸ್ಕೌಟ್ ಹುಡುಗರು ಸಮುರಾಯ್ ಆಗಿಬಿಟ್ಟಿದ್ದಾರೆ. ರಾಜ-ರಾಣಿ ವೇಷದ ಆಟ ಆಡುತ್ತಿದ್ದವರು ಊರು ಹಾಳಾದರೂ ವೇಷ ಕಳಚಿಲ್ಲ. ಕಲ್ಪನೆ ಸೊಗಸು. ಆದರೆ ಪ್ರತಿ ಗುಂಪಿಗೂ ಒಂದೇ ಜೋಕು, ಅದನ್ನೇ ನಾಲ್ಕು ಮಿಷನ್ ಎಳೆಯುತ್ತಾರೆ.

ನಕ್ಷೆ ತುಂಬಾ ಸಾಮಾನು ಚೆಲ್ಲಿದ್ದಾರೆ ಅನ್ನೋ ದೂರೂ ಇತ್ತು. ಬಲೂನು, ತಂತಿಗೆ ನೇತುಹಾಕಿದ ನಾತ ಬರೋ ಶೂ, ಟಾಯ್ಲೆಟ್ ಪೇಪರ್, ಹೀಗೆ ನೂರಾರು. ಬೇರೆ ಗೇಮ್‌ಗಳಲ್ಲಿ ನಾನೂ ಇದಕ್ಕೆ ಬೈಯುತ್ತೇನೆ. ಇಲ್ಲಿ ಬೈಯೋಕೆ ಆಗಲಿಲ್ಲ. ದಾರಿಯೇ ಮಜಾ ಇದ್ದಾಗ ಶೂ ಒಂದು ನೆಪ. ಒಂದು ರಾತ್ರಿ 'ಇನ್ನೊಂದೇ ಒಂದು ಶೂ' ಅಂತ ಕೂತವನು ಪಕ್ಕದ ಮನೆ ಹಾಲಿನ ಹುಡುಗ ಗೇಟು ತೆಗೆದ ಸದ್ದಿಗೆ ಎದ್ದೆ.

ಇದರ ಜೊತೆಗೆ ಯಾವಾಗಲೂ ಹೋಲಿಸೋ ಇನ್ನೊಂದು ಗೇಮ್ ಸೇಂಟ್ಸ್ ರೋ 4. 2013ರ ಆಗಸ್ಟ್‌ನದು, ವೊಲಿಷನ್ ಕಂಪನಿಯದು. ಗ್ಯಾಂಗಿನ ನಾಯಕ ಅಮೆರಿಕದ ಅಧ್ಯಕ್ಷನಾಗುತ್ತಾನೆ, ಅನ್ಯಗ್ರಹದವರು ಬರುತ್ತಾರೆ, ಅವನಿಗೆ ಅತಿಮಾನುಷ ಶಕ್ತಿ ಬರುತ್ತದೆ. ಸಂಗೀತ ಹಾರಿಸಿ ಶತ್ರುಗಳನ್ನ ಕುಣಿಸೋ ಡಬ್‌ಸ್ಟೆಪ್ ಗನ್ ಇದೆ, ಅದಕ್ಕೆ ನಾನು ಇವತ್ತಿಗೂ ನಗುತ್ತೇನೆ. ಅಲ್ಲಿಯೂ ನೋಡಿ, ನೆನಪಲ್ಲಿ ಉಳಿದದ್ದು ಡೈಲಾಗ್ ಅಲ್ಲ, ಕೈಗೆ ಕೊಟ್ಟ ವಸ್ತು. ಆದರೆ ಆ ಆಟಕ್ಕೆ ಒಂದು ತೊಡಕಾಯಿತು. ಹೀರೋ ಕಾರಿಗಿಂತ ಜೋರಾಗಿ ಓಡುತ್ತಾನೆ, ಕಟ್ಟಡ ಹಾರುತ್ತಾನೆ. ಊರು ಮಾತ್ರ ಕಾರು ಓಡಿಸೋಕೆ ಅಂತ ಕಟ್ಟಿದ ಹಳೇ ಊರು. ಬೀದಿ, ಸಿಗ್ನಲ್, ಗ್ಯಾರೇಜು ಎಲ್ಲ ಇದ್ದೂ ದಂಡ. ಸನ್‌ಸೆಟ್‌ನವರು ಮೊದಲು ಕಾಲು ಹೇಗಿರಬೇಕು ಅಂತ ತೀರ್ಮಾನ ಮಾಡಿ, ಆಮೇಲೆ ಅದಕ್ಕೆ ತಕ್ಕ ಊರು ಕಟ್ಟಿದ ಹಾಗೆ ಕಾಣುತ್ತದೆ. ಚಪ್ಪಲಿಗೆ ತಕ್ಕ ಹಾಗೆ ಕಾಲು ಕುಯ್ಯಲಿಲ್ಲ.

ಸೇಂಟ್ಸ್ ರೋ 2022ರ ಆಗಸ್ಟ್‌ನಲ್ಲಿ ಹೊಸದಾಗಿ ಮತ್ತೆ ಬಂತು. ಬಗ್‌ಗಳು ಸಾಕಷ್ಟು, ಹಳೇ ಅಭಿಮಾನಿಗಳಿಗೆ ಹೊಸ ಪಾತ್ರಗಳ ಮಾತು ಹಿಡಿಸಲಿಲ್ಲ. ಅದಾಗಿ ಸುಮಾರು ಒಂದು ವರ್ಷಕ್ಕೆ, 2023ರ ಆಗಸ್ಟ್ 31ಕ್ಕೆ, ಮೂವತ್ತು ವರ್ಷದ ವೊಲಿಷನ್ ಕಂಪನಿಯೇ ಮುಚ್ಚಿತು. ನಗಿಸೋ ಕಸುಬು ತುಟ್ಟಿ ಕಣ್ರೀ.

ಸನ್‌ಸೆಟ್‌ನ ಗತಿಯೂ ವಿಚಿತ್ರ. ಎರಡನೇ ಭಾಗ ಬರಲಿಲ್ಲ. ಪ್ರಕಟಿಸಿದ್ದು ಮೈಕ್ರೋಸಾಫ್ಟ್, ಆದರೆ ಆಟದ ಹಕ್ಕನ್ನ ಇನ್‌ಸಾಮ್ನಿಯಾಕ್ ತನ್ನ ಹತ್ತಿರವೇ ಇಟ್ಟುಕೊಂಡಿತ್ತು. 2019ರಲ್ಲಿ ಸೋನಿ ಆ ಕಂಪನಿಯನ್ನ 22.9 ಕೋಟಿ ಡಾಲರ್ ಕೊಟ್ಟು ಕೊಂಡಿತು. ಎಕ್ಸ್‌ಬಾಕ್ಸ್ ಮನೆಯಲ್ಲಿ ಬೆಳೆದ ಮಗು ಈಗ ಎದುರಾಳಿ ಸೋನಿಯ ಪ್ಲೇಸ್ಟೇಷನ್ ಮನೆಯದು. ಆದರೆ ಸ್ಪೈಡರ್‌ಮ್ಯಾನ್‌ನಲ್ಲಿ ಬಲೆ ಬಿಟ್ಟು ಕಟ್ಟಡದ ಅಂಚಿಗೆ ಕಾಲಿಟ್ಟು ಮತ್ತೆ ಚಿಮ್ಮುತ್ತೀರಲ್ಲ, ಆಗ ಒಂದು ಕ್ಷಣ ಗಮನಿಸಿ. ಆ ಓಟದ ಗುಂಗು ಎಲ್ಲಿಯದು ಅಂತ ಸನ್‌ಸೆಟ್ ಆಡಿದವರಿಗೆ ಗೊತ್ತಾಗುತ್ತದೆ.

ಕೊನೆಗೆ ಪ್ರಶ್ನೆಗಳಿಗೆ ಸಮಯ ಇತ್ತು. ಒಬ್ಬ ಹುಡುಗಿ, ಎಂಜಿನಿಯರಿಂಗ್ ಓದುತ್ತಿರಬೇಕು, ಕೇಳಿದಳು: 'ಸರ್, ಇದನ್ನ ಕನ್ನಡಕ್ಕೆ ಡಬ್ ಮಾಡಿದ್ರೆ ಜೋಕು ವರ್ಕ್ ಆಗಲ್ವಾ? ನಿಮ್ಮಮ್ಮನೂ ನಗ್ತಿದ್ರಲ್ಲ?' ಒಳ್ಳೇ ಪ್ರಶ್ನೆ. ನಾನು ಹೇಳಿದೆ: ನಮ್ಮ ಹಾಸ್ಯ ಗೊತ್ತಿರೋರು ಹೊಸದಾಗಿ ಬರೆದರೆ ಒಂದಿಷ್ಟು ಆಗಬಹುದು. ಆದರೆ ಆ ಹತ್ತಿಪ್ಪತ್ತು ಗಂಟೆಯ ಸಮಸ್ಯೆ ಕನ್ನಡದಲ್ಲೂ ಅಷ್ಟೇ ಇರುತ್ತದೆ. ನಮ್ಮ ಭಾಷೆಯ ಜೋಕು ಅಂತ ಐವತ್ತನೇ ಸಲ ನಗೋಕೆ ಆಗುತ್ತಾ? ಅವಳಿಗೆ ಸಮಾಧಾನ ಆಗಲಿಲ್ಲ. 'ಬರೆಯೋಕೂ ನೋಡದೆ ಆಗಲ್ಲ ಅಂದ್ರೆ ಹೇಗೆ ಸರ್' ಅಂದಳು. ಅವಳ ಮಾತೂ ಸರಿಯೇ ಇತ್ತು, ನಾನು ಸುಮ್ಮನಾದೆ.

ಲ್ಯಾಪ್‌ಟಾಪ್ ತಂದಿದ್ದೆ, ಗೋಡೆ ಮೇಲೆ ಆಟ ಹಾಕಿದೆವು. ಮುಂದಿನ ಸಾಲಿನಲ್ಲಿ ಅಪ್ಪನ ಜೊತೆ ಬಂದಿದ್ದ ಹತ್ತು-ಹನ್ನೊಂದು ವರ್ಷದ ಹುಡುಗನ ಕೈಗೆ ಕಂಟ್ರೋಲರ್ ಕೊಟ್ಟೆ. ಅವನು ಎಲ್ಲರ ಹಾಗೆ ನೆಲದ ಮೇಲೆ ನಿಂತು ಗುರಿಯಿಡೋಕೆ ನೋಡಿದ. ಹತ್ತು ಸೆಕೆಂಡಿಗೆ ಮುತ್ತಿಕೊಂಡು ಮುಗಿಸಿದರು. ಪಾಪ, ಅವನ ಮುಖ ಸಣ್ಣದಾಯಿತು. ಅಷ್ಟರಲ್ಲಿ ಆ ವ್ಯಾನ್ ಬಂತು, ಬಾಗಿಲು ತೆಗೆಯಿತು, ಹೀರೋನ ರಸ್ತೆಗೆ ಎಸೆಯಿತು. ಕೋಣೆಯಲ್ಲಿ ಇದ್ದವರೆಲ್ಲ ಒಟ್ಟಿಗೆ ನಕ್ಕರು. ಪ್ರಶ್ನೆ ಕೇಳಿದ್ದ ಹುಡುಗಿಯೂ ನಕ್ಕಳು. ಹುಡುಗ ನನ್ನ ಕಡೆ ತಿರುಗಿದ.

'ಅಂಕಲ್, ಇನ್ನೊಂದ್ ಸಲ ಸಾಯ್ಲಾ?'